ಲಂಡನ್ನಿನಲ್ಲಿ ದಾವೆ ಗೆದ್ದ ನಟರಾಜ

ಕಳವಾದ ದೇವರು ತಾನೇ ಹಕ್ಕುದಾರನಾಗಿ ಸಮುದ್ರದಾಚೆಯ ನ್ಯಾಯಾಲಯದಲ್ಲಿ ನಿಂತನೆಂದರೆ, ಪುರಾಣಕಥೆಯೆಂದು ನಾವು ನಕ್ಕೇವು. ಆದರೆ ಅದು ನಡೆದ ಸಂಗತಿ.

1976ರಲ್ಲಿ ತಮಿಳುನಾಡಿನ ತಂಜಾವೂರು ಸೀಮೆಯ ಪತ್ತೂರಿನಲ್ಲಿ, ಪಾಳುಬಿದ್ದ ವಿಶ್ವನಾಥಸ್ವಾಮಿ ದೇಗುಲದ ಬಳಿ ನೆಲ ಅಗೆಯುತ್ತಿದ್ದ ಕೂಲಿಕಾರನೊಬ್ಬನಿಗೆ ಚೋಳರ ಕಾಲದ ಕಂಚಿನ ವಿಗ್ರಹಗಳು ದೊರೆತವು. ಅವುಗಳಲ್ಲೊಂದಾದ ನಟರಾಜಮೂರ್ತಿ ಕೈಯಿಂದ ಕೈಗೆ ಮಾರಾಟವಾಗಿ ಲಂಡನ್ ಸೇರಿತು. 1982ರಲ್ಲಿ ಕೆನಡಾದ ಕಂಪನಿಯೊಂದು ಅದನ್ನು ಕೊಂಡುಕೊಂಡಿತು. ಸಂರಕ್ಷಣೆಯ ಕೆಲಸಕ್ಕಾಗಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದಾಗ ಲಂಡನ್ ಪೊಲೀಸರು ಮೂರ್ತಿಯನ್ನು ವಶಪಡಿಸಿಕೊಂಡರು. ಕೊಂಡವರು ಪೊಲೀಸರ ಮೇಲೆಯೇ ದಾವೆ ಹೂಡಿದರು.

ಆಗ ಭಾರತದ ಪರವಾಗಿ ಮುಂದಿಟ್ಟ ವಾದ ಅಪೂರ್ವವಾದುದು. ನಮ್ಮ ಕಾನೂನಿನಂತೆ ದೇಗುಲಕ್ಕೂ ಅಲ್ಲಿನ ದೇವರಿಗೂ ಆಸ್ತಿಯ ಹಕ್ಕುಂಟು. ಪ್ರತಿನಿಧಿಯ ಮೂಲಕ ದಾವೆ ನಡೆಸುವ ಅಧಿಕಾರವೂ ಉಂಟು. ಪಾಳುಬಿದ್ದ ಮಾತ್ರಕ್ಕೆ ಆ ಹಕ್ಕು ಅಳಿಯದು. 1988ರಲ್ಲಿ ನ್ಯಾಯಾಲಯ ದೇಗುಲದ ಪರವಾಗಿ ತೀರ್ಪಿತ್ತಿತು. 1991ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ನಟರಾಜ ಸ್ವದೇಶಕ್ಕೆ ಮರಳಿದ.

ಆದರೆ ಹಕ್ಕೊಂದೇ ಸಾಲದು, ಪುರಾವೆಯೂ ಬೇಕು. ಲಂಡನ್ನಿನಲ್ಲಿದ್ದ ಮೂರ್ತಿ ಪತ್ತೂರಿನದೇ ಎಂದು ತಜ್ಞರ ಸಾಕ್ಷ್ಯದಿಂದ ಸ್ಥಾಪಿಸಬೇಕಾಯಿತು. ತಮಿಳುನಾಡಿನದೇ ಆದ ಶ್ರೀಪುರಂತಾನ್ ದೇಗುಲದ ನಟರಾಜನ ಕಥೆಯೂ ಇದನ್ನೇ ಸಾರುತ್ತದೆ. ಅದನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಶಾಲೆ 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರುಗಳಿಗೆ ಕೊಂಡಿತ್ತು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಕಳವಿಗೆ ಮುಂಚೆಯೇ ದೇಗುಲದಲ್ಲಿ ತೆಗೆದಿಟ್ಟಿದ್ದ ಛಾಯಾಚಿತ್ರಗಳು ಮೂರ್ತಿಯ ಗುರುತು ಹೇಳಿದವು. 2014ರ ಸೆಪ್ಟೆಂಬರಿನಲ್ಲಿ ಅದೂ ಮರಳಿತು.

1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ಮೀರಿದ ವಿಗ್ರಹಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಆದರೂ ದಾಖಲೆಯಿಲ್ಲದ ಮೂರ್ತಿ ಕಳವಾದರೆ, ಕಾನೂನು ಯಾವ ಆಧಾರದ ಮೇಲೆ ಅದನ್ನು ನಮ್ಮದೆಂದೀತು?

ಗಡಿಯಾಚೆಯ ನಮ್ಮ ಊರುಗಳಲ್ಲಿಯೂ ಪೂಜೆ ನಿಂತ ಗುಡಿಗಳಿವೆ, ಬೇಲಿಬದಿಯ ವೀರಗಲ್ಲುಗಳಿವೆ, ಕನ್ನಡ ಅಕ್ಷರದ ಶಾಸನಗಳಿವೆ. ಅವುಗಳ ಲಿಪಿಯನ್ನು ಗುರುತಿಸಬಲ್ಲವರು ನಾವೇ ಆಗಿರುವ ಕಡೆ ಹೊಣೆಯೂ ನಮ್ಮದೇ. ಮುಂದಿನ ಜಾತ್ರೆಗೆ ಊರಿಗೆ ಹೋದಾಗ ಒಂದೊಂದರ ಚಿತ್ರ ತೆಗೆಯೋಣ; ಎತ್ತರ, ಅಗಲ, ಒಡಕು, ಇರುವ ಜಾಗ ಎಲ್ಲವನ್ನೂ ಬರೆದಿಡೋಣ. ದೇವರು ನ್ಯಾಯಾಲಯದ ಮೆಟ್ಟಿಲೇರಬೇಕಾಗಿ ಬಂದರೆ, ಸಾಕ್ಷಿ ಹೇಳುವವರು ನಾವಾಗಬೇಕು.