ಹಳೆಯ ಕಾರು ಮಾರುವ ಮುನ್ನ

ಮಧುಗಿರಿ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಧೂಳು ಹಿಡಿದು ನಿಂತ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಇದ್ದರೆ, ಅದು ಗುಜರಿಗೆ ತೂಕದ ಲೆಕ್ಕದಲ್ಲೇ ಹೋಗಬೇಕೆಂದೇನಿಲ್ಲ. ಪದ್ಮಿನಿಯ ತಯಾರಿಕೆ ಬಹಳ ಹಿಂದೆಯೇ, ಅಂಬಾಸಿಡರ್‌ನದು 2014ರಲ್ಲಿ ನಿಂತಿದ್ದು, ಇದ್ದ ಸ್ಥಿತಿಯಲ್ಲೇ ಕೊಂಡು ದುರಸ್ತಿ ಮಾಡಿಕೊಳ್ಳುವ ಆಸಕ್ತರಿದ್ದಾರೆ.

ಮಾರುವ ಮುನ್ನ ಬಣ್ಣ ಬಳಿಸುವುದು ವ್ಯರ್ಥ ಖರ್ಚು. ಹೊಸ ಬಣ್ಣದಡಿ ತುಕ್ಕು ಅಡಗಿದೆಯೆಂಬ ಸಂದೇಹ ಬಲ್ಲವರಿಗೆ ಸಹಜ. ತಳದ ತಗಡಿನ ಸ್ಥಿತಿ, ಎಂಜಿನ್ ತಿರುಗುವುದೋ ಇಲ್ಲವೋ ಎಂಬುದನ್ನು ಮೊದಲೇ ತಿಳಿಸಿ, ಕಳಚಿಟ್ಟ ಬಿಡಿಭಾಗಗಳನ್ನೂ ಜೊತೆಗೆ ಕೊಡುವುದು ಲೇಸು.

ಆರ್.ಸಿ. ಪುಸ್ತಕದಲ್ಲಿನ ಚಾಸಿ, ಎಂಜಿನ್ ಸಂಖ್ಯೆಗಳು ವಾಹನದೊಡನೆ ತಾಳೆಯಾಗಬೇಕು. ಪುಸ್ತಕ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲೇ ಇದ್ದರೆ ಮೊದಲು ನಮೂನೆ 31ರ ಮೂಲಕ ವಾರಸುದಾರರ ಹೆಸರಿಗೆ ವರ್ಗಾಯಿಸಬೇಕು. ಬಳಿಕ ಮಾರಾಟಕ್ಕೆ ನಮೂನೆ 29 ಮತ್ತು 30. ಈ ಭಾಗಕ್ಕೆ ಕೆಎ-64 ಸಂಕೇತದ ಮಧುಗಿರಿ ಸಾರಿಗೆ ಕಚೇರಿಯಿದೆ. ಖಾಲಿ ನಮೂನೆಗೆ ಸಹಿ ಹಾಕಿ, ಹಣ ಎಣಿಸಿಕೊಂಡು ಸುಮ್ಮನಾಗುವವರೇ ತೊಂದರೆಗೆ ಸಿಲುಕುವುದು: ಅಪಘಾತವಾದಲ್ಲಿ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ.

ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಕಾರಿಗೆ 2021ರ ನಿಯಮದಂತೆ 20,000 ರೂ. ಶುಲ್ಕದ ವಿಂಟೇಜ್ ನೋಂದಣಿಗೆ ಅವಕಾಶವಿದೆ. ಆದರೆ ಅಂಥ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.