ಟ್ಯಾಟಿ ಸ್ಕೋನ್: ದೋಸೆ ಕಾವಲಿ ಮೇಲೆ ಸ್ಕಾಟ್ಲೆಂಡಿನ ಬೆಳಗಿನ ತಿಂಡಿ

ಇವತ್ತಿನ ಸಂಚಿಕೆಯನ್ನ ಇಯರ್‌ಫೋನ್ ಹಾಕ್ಕೊಂಡು ಅಡುಗೆಮನೆಯಲ್ಲೇ ಕೇಳಬಹುದು. ನಾನು ಹೇಳೋದು ಸ್ಕಾಟ್ಲೆಂಡಿನ ಟ್ಯಾಟಿ ಸ್ಕೋನ್ ಬಗ್ಗೆ. ಸ್ಕಾಟ್ಸ್ ಭಾಷೆಯಲ್ಲಿ ಟ್ಯಾಟಿ ಅಂದ್ರೆ ಆಲೂಗಡ್ಡೆ.

ಸ್ಕೋನ್ ಅಂದ ಕೂಡಲೇ ಜಾಮ್ ಹಚ್ಚಿ ತಿನ್ನೋ ಉಬ್ಬಿದ ಬನ್ನು ನೆನಪಾಯ್ತಾ? ಇದು ಅದಲ್ಲ. ಇದು ತೆಳ್ಳಗೆ, ಮೆತ್ತಗೆ, ಮೂರು ಮೂಲೆಯ ತುಂಡು. ಓವನ್ ಬೇಕಿಲ್ಲ. ಅಲ್ಲಿ ಇದನ್ನು ಗರ್ಡಲ್ ಎಂಬ ಚಪ್ಪಟೆ ಕಬ್ಬಿಣದ ಹಂಚಿನ ಮೇಲೆ ಬೇಯಿಸುತ್ತಿದ್ದರು. ನಮಗೆ ದೋಸೆ ಕಾವಲಿ ಸಾಕು.

ಅಳತೆ ಬರ್ಕೊಳ್ಳಿ. ಆಲೂಗಡ್ಡೆ 500 ಗ್ರಾಂ, ಮೈದಾ 100ರಿಂದ 125 ಗ್ರಾಂ, ಬೆಣ್ಣೆ 50 ಗ್ರಾಂ, ಉಪ್ಪು ಅರ್ಧ ಚಮಚ. ಇಷ್ಟೇ. ಬೆಣ್ಣೆಯಲ್ಲೇ ಉಪ್ಪಿದ್ರೆ ಸ್ವಲ್ಪ ಕಮ್ಮಿ ಹಾಕಿ. ಕೆಲವರು ಚಿಟಿಕೆ ಬೇಕಿಂಗ್ ಪೌಡರ್ ಸೇರಿಸ್ತಾರೆ, ಅದಿಲ್ಲದೆಯೂ ನಡೆಯುತ್ತೆ.

ಆಲೂಗಡ್ಡೆ ಬೆಂದಾಗ ಹಿಟ್ಟುಹಿಟ್ಟಾಗಿ ಒಡೆಯೋ ಜಾತಿಯದಿರಬೇಕು. ಅಲ್ಲಿನವರು ಮಾರಿಸ್ ಪೈಪರ್, ರೂಸ್ಟರ್ ತಳಿಗಳನ್ನು ಬಳಸ್ತಾರೆ. ಇಲ್ಲಿ ಅಂಗಡಿಯಲ್ಲಿ ತಳಿ ಕೇಳಿ ಪ್ರಯೋಜನ ಇಲ್ಲ, ಹಳೇ ಗಡ್ಡೆ ಆರಿಸಿ. ಎಳೆ ಗಡ್ಡೆಯಲ್ಲಿ ನೀರು ಜಾಸ್ತಿ, ಪಿಷ್ಟ ಕಮ್ಮಿ. ಸಿಪ್ಪೆ ಸಮೇತ ಬೇಯಿಸಿ, ನೀರು ಬಸಿದು, ಸಿಪ್ಪೆ ತೆಗೆದು, ಎರಡು ನಿಮಿಷ ಹಬೆ ಆರಲು ಬಿಡಿ. ನೀರಿನಂಶ ಉಳಿದಷ್ಟೂ ಮೈದಾ ಜಾಸ್ತಿ ಕೇಳುತ್ತೆ. ಮೈದಾ ಜಾಸ್ತಿಯಾದ್ರೆ ಆಲೂಗಡ್ಡೆ ರುಚಿ ಹೋಗಿ ಬರೀ ರೊಟ್ಟಿ ಆಗುತ್ತೆ.

ಇನ್ನು ಮಿಕ್ಸಿ ಬೇಡ, ಕೈಯಲ್ಲೇ ಮಸೆಯಿರಿ. ಮಿಕ್ಸಿಯ ಬ್ಲೇಡಿಗೆ ಸಿಕ್ಕಿ ಗಡ್ಡೆಯ ಕೋಶಗಳು ಒಡೆದರೆ ಪಿಷ್ಟವೆಲ್ಲ ಹೊರಬಂದು ಅಂಟಾಗುತ್ತೆ. ಬಿಸಿ ಇರುವಾಗಲೇ ಬೆಣ್ಣೆ, ಉಪ್ಪು, ಆಮೇಲೆ ಮೈದಾ ಸೇರಿಸಿ. ಬೆಚ್ಚಗಿನ ಹಿಟ್ಟು ಬಿರುಕು ಬಿಡದೆ ಲಟ್ಟಿಸೋಕೆ ಬರುತ್ತೆ. ತಣ್ಣಗಾದ್ರೆ ಪಿಷ್ಟ ಬಿಗಿದುಕೊಂಡು ಅಂಚು ಒಡೆಯುತ್ತೆ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ನಾದಿದಷ್ಟೂ ಗ್ಲುಟೆನ್ ಬೆಳೆದು ಸ್ಕೋನ್ ಗಟ್ಟಿಯಾಗುತ್ತೆ.

ಈಗ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ದುಂಡಗೆ ಲಟ್ಟಿಸಿ, ನಾಲ್ಕು ಭಾಗ ಮಾಡಿ. ಆ ಕಾಲುಭಾಗಕ್ಕೆ ಫಾರ್ಲ್ ಅಂತ ಹೆಸರು. ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಹಬೆ ಹೊರಗೆ ಹೋಗಲಿ. ಕಾವಲಿಗೆ ತುಸು ಬೆಣ್ಣೆ ಸವರಿ, ಮಧ್ಯಮ ಉರಿಯಲ್ಲಿ ಒಂದೊಂದು ಬದಿ ಮೂರು ನಾಲ್ಕು ನಿಮಿಷ, ಕಂದು ಚುಕ್ಕೆ ಬರೋವರೆಗೆ ಬೇಯಿಸಿ. ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗಿರುತ್ತೆ.

ಸ್ಕಾಟ್ಲೆಂಡಿನಲ್ಲಿ ಇದು ಮೊಟ್ಟೆ, ಬೇಕನ್, ಚೌಕಾಕಾರದ ಲಾರ್ನ್ ಸಾಸೇಜ್ ಜೊತೆ ಬೆಳಗಿನ ತಟ್ಟೆಗೆ ಬರುತ್ತೆ. ಬರೀ ಬೆಣ್ಣೆ ಸವರಿದರೂ ಚೆನ್ನ. ಹಿಂದಿನ ರಾತ್ರಿಯ ಆಲೂಗಡ್ಡೆ ಎಸೆಯದೆ ಮಾಡೋಕೂ ಇದು ಒಳ್ಳೇ ದಾರಿ, ಮಸೆಯೋ ಮೊದಲು ಸ್ವಲ್ಪ ಬಿಸಿ ಮಾಡಿದ್ರೆ ಆಯ್ತು.

ಆದರೆ ಈ ಗಡ್ಡೆಗೆ ಆ ದೇಶದಲ್ಲಿ ಒಂದು ಕಹಿ ಕಥೆಯೂ ಇದೆ, ಅದನ್ನು ಹೇಳದೆ ಮುಗಿಸೋಕೆ ನನಗೆ ಮನಸ್ಸಿಲ್ಲ. ಹೈಲ್ಯಾಂಡ್ ಪ್ರದೇಶದಲ್ಲಿ ಜಮೀನುದಾರರು ಕುರಿ ಸಾಕಣೆಗಾಗಿ ಗೇಣಿದಾರರನ್ನು ಒಳನಾಡಿನ ಕಣಿವೆಗಳಿಂದ ಎಬ್ಬಿಸಿದರು. ಅನೇಕರು ಕರಾವಳಿಯ ತುಂಡು ಭೂಮಿಗೆ ಬಂದು ಬಿದ್ದರು. ಅಷ್ಟು ಸಣ್ಣ ಜಾಗದಲ್ಲಿ ಮನೆಮಂದಿಯ ಹೊಟ್ಟೆ ತುಂಬಿಸೋಕೆ ಆಗ್ತಿದ್ದ ಬೆಳೆ ಆಲೂಗಡ್ಡೆಯೇ. 1846ರಲ್ಲಿ ಅಂಗಮಾರಿ ರೋಗ ಬಂದು ಗಡ್ಡೆಗಳು ಕೊಳೆತವು. ಸಂಕಷ್ಟ ಸುಮಾರು ಹತ್ತು ವರ್ಷ ಮುಂದುವರಿಯಿತು. ಹಸಿದವರಿಗೆ ಹಿಟ್ಟು ಕೊಡೋಕೆ ರಸ್ತೆ ಕೆಲಸ ಮಾಡಿಸಿದರು. ಅಂಥ ಒಂದು ರಸ್ತೆಗೆ ಇವತ್ತಿಗೂ ಡೆಸ್ಟಿಟ್ಯೂಷನ್ ರೋಡ್, ಅಂದ್ರೆ ಬಡತನದ ರಸ್ತೆ, ಅನ್ನೋ ಹೆಸರಿದೆ. ಸಾವಿರಾರು ಜನ ಕೆನಡಾ, ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದರು.

ಅದೇ ರೋಗಾಣು, ಫೈಟಾಫ್ತೊರಾ ಇನ್ಫೆಸ್ಟಾನ್ಸ್, ಈಗ ನಮ್ಮ ಹಾಸನದ ಆಲೂಗಡ್ಡೆ ಬೆಳೆಗಾರರನ್ನೂ ಕಾಡುತ್ತಿದೆ. ಮೋಡ ಕವಿದು, ಜಿಟಿಜಿಟಿ ಮಳೆ ಹಿಡಿದರೆ ಕೆಲವೇ ದಿನಗಳಲ್ಲಿ ಹೊಲ ಕಪ್ಪಾಗುತ್ತೆ. ಒಂದೇ ಬೆಳೆ ನಂಬಿದವರ ಪಾಡು ಎಲ್ಲಿದ್ದರೂ ಒಂದೇ.

ಈ ಭಾನುವಾರ ಮಾಡಿ ನೋಡಿ. ಮೊದಲನೇದು ಕಾವಲಿಯಿಂದ ಇಳಿದ ತಕ್ಷಣ ಬಿಸಿಬಿಸಿಯಾಗಿ ತಿನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.