ನೆರೆಯ ಊರುಗಳು ಕೂಡಿ ಗಾಜಿನ ತಂತಿಯ ಜಾಲವನ್ನು ಹಾಕಿಸಿಕೊಂಡ ರೀತಿ

ದಾರಿ, ಕೆರೆ, ಕಾಲುವೆ, ವಿದ್ಯುಚ್ಛಕ್ತಿ ಇವುಗಳಂತೆಯೇ ಈಗ ಮನೆಮನೆಗೂ ಬೇಕಾಗಿ ಬಂದಿರುವ ಮತ್ತೊಂದು ಸೌಕರ್ಯವೆಂದರೆ ಇಂಟರ್ನೆಟ್ಟಿನ ಸಂಪರ್ಕವಾಗಿರುತ್ತದೆ. ಪಹಣಿಯ ಪ್ರತಿ, ಪೇಟೆಯ ಧಾರಣೆ, ಮಳೆಯ ಸೂಚನೆ, ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ ಇವೆಲ್ಲವೂ ಅದರ ಮೂಲಕ ನಡೆಯತೊಡಗಿರುವುದನ್ನು ಗ್ರಾಮದ ಮುಖಂಡರೆಲ್ಲರೂ ಬಲ್ಲರು. ದೊಡ್ಡ ಪಟ್ಟಣಗಳಿಗೆ ಕಂಪೆನಿಗಳು ತಾವಾಗಿಯೇ ಬಂದು ತಂತಿಯನ್ನು ಹಾಕುತ್ತವೆ. ಮನೆಗಳು ವಿರಳವಾಗಿರತಕ್ಕ ಕಡೆಗೆ ಎಷ್ಟು ಕರೆದರೂ ಬರಲೊಲ್ಲವು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹೀಗೆ ಕಡೆಗಣಿಸಲ್ಪಟ್ಟ ಕೆಲವು ಊರುಗಳು ಒಂದಕ್ಕೊಂದು ಕೈಗೂಡಿಸಿ, ತಮ್ಮ ಜಾಲವನ್ನು ತಾವೇ ಕಟ್ಟಿಕೊಂಡಿವೆ. ಅವುಗಳಲ್ಲಿ ಯೂಟಾ ಸಂಸ್ಥಾನದ ಹನ್ನೊಂದು ನಗರಗಳ ಪ್ರಯತ್ನವನ್ನೂ, ವರ್ಮಾಂಟ್ ಸಂಸ್ಥಾನದ ಹಳ್ಳಿಗಳ ಪ್ರಯತ್ನವನ್ನೂ ಇಲ್ಲಿ ವಿವರಿಸಿದೆ. ಸಾಮಗ್ರಿಯಲ್ಲಿ ಇವೆರಡಕ್ಕೂ ಭೇದವಿಲ್ಲ. ಸಾಲಕ್ಕೆ ಜಾಮೀನು ನಿಂತವರು ಯಾರು ಎಂಬುದರಲ್ಲಿ ಮಾತ್ರ ಬಹಳ ಭೇದವುಂಟು.

ಗಾಜಿನ ತಂತಿ, ಎಂದರೆ ಆಪ್ಟಿಕಲ್ ಫೈಬರ್, ಅತಿ ಶುದ್ಧವಾದ ಗಾಜನ್ನು ಕೂದಲೆಳೆಯಂತೆ ಎಳೆದು ಮಾಡಿದ್ದು. ಅದರ ಅಡ್ಡಳತೆಯು ಒಂದು ಮಿಲಿಮೀಟರಿನ ಎಂಟರಲ್ಲೊಂದು ಪಾಲು. ಒಂದು ತುದಿಯಲ್ಲಿ ಬೆಳಕನ್ನು ಅತಿ ವೇಗದಿಂದ ಮಿಣುಕಿಸಿದರೆ, ಆ ಮಿಣುಕುಗಳೇ ಸಂದೇಶದ ಅಕ್ಷರಗಳಾಗಿ ಇನ್ನೊಂದು ತುದಿಯನ್ನು ಸೇರುತ್ತವೆ. ಹದಿನೈದು ಕಿಲೋಮೀಟರು ಹೋದ ಮೇಲೆಯೂ ಬೆಳಕಿನಲ್ಲಿ ಅರ್ಧದಷ್ಟು ಉಳಿದಿರುತ್ತದೆ. ಹಳೆಯ ತಾಮ್ರದ ಟೆಲಿಫೋನ್ ತಂತಿಯಲ್ಲಾದರೋ ನಾಲ್ಕೈದು ಕಿಲೋಮೀಟರು ದಾಟುವುದರೊಳಗೆ ವೇಗವು ಕುಂದಿ ನಿಷ್ಪ್ರಯೋಜಕವಾಗುತ್ತದೆ. ಗಾಜಿನ ಒಂದೇ ಎಳೆಯನ್ನು ಕವಲೊಡೆಸಿ ಮೂವತ್ತೆರಡು ಮನೆಗಳಿಗೆ ಹಂಚುವುದೂ ವಾಡಿಕೆಯಲ್ಲಿದೆ.

ಆದರೆ ಈ ಕೆಲಸದಲ್ಲಿ ಗಾಜಿಗೆ ತಗಲುವ ಹಣವು ಅಲ್ಪ. ನೆಲವನ್ನು ಅಗೆಯುವುದು, ಕಂಬಗಳನ್ನು ಸರಿಪಡಿಸುವುದು, ಕಂಬದ ಒಡೆಯರಿಂದ ಅಪ್ಪಣೆ ಪಡೆಯುವುದು, ಕೂಲಿ ಇವುಗಳಿಗೇ ಬಹುಪಾಲು ವೆಚ್ಚವಾಗುತ್ತದೆ. ವೆಚ್ಚವು ಮೈಲಿಯ ಲೆಕ್ಕದಲ್ಲಿ ಬರುತ್ತದೆ, ವರಮಾನವು ಮನೆಯ ಲೆಕ್ಕದಲ್ಲಿ ಬರುತ್ತದೆ. ಮೈಲಿಗೆ ನೂರು ಮನೆಗಳಿರುವಲ್ಲಿ ಲಾಭ. ಹತ್ತು ಮನೆಗಳಿರುವಲ್ಲಿ ನಷ್ಟದ ಭಯ. ಇದಲ್ಲದೆ ಹಗಲಿರುಳೂ ಜಾಲವನ್ನು ನೋಡಿಕೊಳ್ಳತಕ್ಕ ಕೇಂದ್ರ, ನುರಿತ ಎಂಜಿನಿಯರುಗಳು, ಹೊರಜಗತ್ತಿಗೆ ಹೋಗುವ ಹೆದ್ದಾರಿತಂತಿಯ ಬಾಡಿಗೆ ಇವು ಒಂದು ಊರಿಗಾದರೂ ಬೇಕು, ಇಪ್ಪತ್ತು ಊರುಗಳಿಗಾದರೂ ಬಹುಮಟ್ಟಿಗೆ ಅಷ್ಟೇ ಸಾಕು. ನೆರೆಯ ಊರುಗಳು ಕೂಡಬೇಕಾಗಿ ಬಂದದ್ದು ಈ ಕಾರಣದಿಂದಲೇ.

ಯೂಟಾ ಸಂಸ್ಥಾನದಲ್ಲಿ 2002ನೆಯ ಇಸವಿಯಲ್ಲಿ ಕೆಲವು ನಗರಗಳು ಸೇರಿ ಯುಟೋಪಿಯಾ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿದವು. ಇವುಗಳಲ್ಲಿ ವೆಸ್ಟ್ ವ್ಯಾಲಿ, ಓರೆಮ್, ಲೇಟನ್, ಮರ್ರಿ ಮೊದಲಾದ ದೊಡ್ಡ ನಗರಗಳೂ ಇದ್ದವು. ಪೆರ್ರಿ, ಟ್ರೆಮಾಂಟನ್‌ಗಳಂಥ ಸಣ್ಣ ಊರುಗಳೂ ಇದ್ದವು. ಪುರಸಭೆಗಳು ನೇರವಾಗಿ ಜನರಿಗೆ ಇಂಟರ್ನೆಟ್ಟನ್ನು ಮಾರುವುದಕ್ಕೆ ಆ ಸಂಸ್ಥಾನದ 2001ರ ಕಾಯಿದೆಯು ಕಠಿನವಾದ ನಿಬಂಧನೆಗಳನ್ನು ವಿಧಿಸಿತ್ತು. ಆದಕಾರಣ ಸಂಸ್ಥೆಯವರು ಬೇರೊಂದು ಉಪಾಯವನ್ನು ಹಿಡಿದರು: ತಂತಿ ಮಾತ್ರ ಸಂಸ್ಥೆಯದು, ಅದರ ಮೇಲೆ ಸೇವೆಯನ್ನು ಮಾರತಕ್ಕವರು ಖಾಸಗಿ ವರ್ತಕರು. ದಾರಿಯು ಊರಿನದು, ಗಾಡಿಗಳು ಅವರವರವು, ಹಾದುಹೋಗುವ ಗಾಡಿಯವನು ಸುಂಕ ಕೊಡತಕ್ಕದ್ದು ಎಂಬ ಹಾಗೆ. ಒಂದೇ ತಂತಿಯಲ್ಲಿ ಹಲವರು ವರ್ತಕರು ಪೈಪೋಟಿಯಿಂದ ಮಾರುವುದರಿಂದ ಗಿರಾಕಿಗೆ ಬೆಲೆ ಇಳಿಯುತ್ತದೆ. ಏರ್ಪಾಡಿನ ಈ ಭಾಗವು ಚೆನ್ನಾಗಿಯೇ ಇದ್ದಿತು, ಇಂದಿಗೂ ಚೆನ್ನಾಗಿ ನಡೆಯುತ್ತಿದೆ.

ಕೆಟ್ಟದ್ದು ಹಣದ ಭಾಗ. ಹನ್ನೊಂದು ನಗರಗಳು ತಮ್ಮ ಮಾರಾಟ ತೆರಿಗೆಯ ವರಮಾನವನ್ನು ಸಾಲಕ್ಕೆ ಆಧಾರವಾಗಿ ಬರೆದುಕೊಟ್ಟವು. 2004ರಲ್ಲಿ 8 ಕೋಟಿ 50 ಲಕ್ಷ ಡಾಲರುಗಳ ಸಾಲಪತ್ರಗಳನ್ನು ಹೊರಡಿಸಲಾಯಿತು. ಚಂದಾದಾರರು ಬೇಗನೆ ಸೇರಿ, ಅವರ ಹಣದಿಂದಲೇ ಸಾಲವು ತೀರುವುದೆಂದೂ, ತೆರಿಗೆಯ ಹಣವನ್ನು ಮುಟ್ಟಬೇಕಾಗಿ ಬರಲಾರದೆಂದೂ ಅಂದಾಜು ಮಾಡಿದ್ದರು. ನಡೆದದ್ದು ಬೇರೆ. ಕೇಂದ್ರ ಸರ್ಕಾರದ ಕೃಷಿ ಇಲಾಖೆಗೆ ಸೇರಿದ ಗ್ರಾಮಾಂತರ ಸಾಲದ ಶಾಖೆಯಿಂದ ಬರಬೇಕಾಗಿದ್ದ ಸಾಲವು ಅರ್ಧದಲ್ಲಿಯೇ ನಿಂತುಹೋಯಿತು. ಒಂದು ಊರಿನಲ್ಲಿ ಕೆಲವು ಬೀದಿ, ಮತ್ತೊಂದರಲ್ಲಿ ಕೆಲವು ಬೀದಿ ಎಂಬಂತೆ ತಂತಿಯನ್ನು ಹಾಕಿದ್ದರಿಂದ, ವೆಚ್ಚವಾದ ಹಣವು ನೆಲದಲ್ಲಿ ಹೂತುಹೋಗಿ, ಚಂದಾ ಕೊಡತಕ್ಕ ಮನೆಗಳು ಮಾತ್ರ ಕೆಲವೇ ಆದವು. 2008ರಲ್ಲಿ ಹಳೆಯ ಸಾಲವನ್ನು ತೀರಿಸಲು 18 ಕೋಟಿ 50 ಲಕ್ಷ ಡಾಲರುಗಳ ಹೊಸ ಸಾಲವನ್ನೆತ್ತಿ, ಅದರ ವಾಯಿದೆಯನ್ನು 2040ರವರೆಗೆ ಚಾಚಿದರು. ನಗರಗಳು ಕೊಡತಕ್ಕ ಕಂತು ವರ್ಷವರ್ಷವೂ ನೂರಕ್ಕೆ ಎರಡರಂತೆ ಏರುವುದೆಂಬ ಕರಾರೂ ಅದರಲ್ಲಿ ಸೇರಿತು.

ಸಂಸ್ಥಾನದ ಶಾಸನಸಭೆಯ ಲೆಕ್ಕ ಪರಿಶೋಧಕರು 2012ರಲ್ಲಿ ಕೊಟ್ಟ ವರದಿಯು ಕಟುವಾಗಿದ್ದಿತು. ಅರ್ಧಕ್ಕೆ ನಿಂತ ಮಾರ್ಗಗಳು, ಸಾಲದ ವರಮಾನ, ಸರಿಯಾಗಿ ಯೋಚಿಸದ ಏರ್ಪಾಡು ಇವೆಲ್ಲವೂ ಅದರಲ್ಲಿ ದಾಖಲಾದವು. ನಗರದ ತೆರಿಗೆಯೆಂದರೆ ಪೋಲೀಸು, ರಸ್ತೆ, ಉದ್ಯಾನ ಇವುಗಳಿಗೆ ಸಲ್ಲತಕ್ಕ ಹಣ. ಅದರ ಒಂದು ಪಾಲು ಪ್ರತಿವರ್ಷವೂ ಸಾಲಕ್ಕೆ ಹೋಗುತ್ತಿರುವಾಗ, ತನ್ನ ಬೀದಿಗೆ ತಂತಿಯೇ ಬಾರದಿರುವ ಮನೆಯವನಿಗೆ ಹೇಗೆ ತೋರಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಎಷ್ಟೋ ಚುನಾವಣೆಗಳಲ್ಲಿ ಇದೇ ಜಗಳದ ಮಾತಾಯಿತು. 2014ರಲ್ಲಿ ಮೆಕ್ವಾರಿ ಎಂಬ ಆಸ್ಟ್ರೇಲಿಯಾದ ಕಂಪೆನಿಯು ಜಾಲವನ್ನು ತಾನೇ ಪೂರೈಸುವುದಾಗಿಯೂ, ಸೇವೆ ಪಡೆಯಲಿ ಬಿಡಲಿ, ಪ್ರತಿಯೊಂದು ಮನೆಯೂ ತಿಂಗಳಿಗೆ ಗೊತ್ತಾದ ಶುಲ್ಕವನ್ನು ಕೊಡಬೇಕೆಂದೂ ಸೂಚಿಸಿದಾಗ, ಹನ್ನೊಂದರಲ್ಲಿ ಐದು ನಗರಗಳು ಒಲ್ಲೆವೆಂದವು. ಆ ಸೂಚನೆಯು ಕೈಗೂಡಲಿಲ್ಲ.

ಒಂಟಿಯಾಗಿ ಹೊರಟವರ ಗತಿಯೇನೂ ಇದಕ್ಕಿಂತ ಮೇಲಾಗಲಿಲ್ಲವೆಂಬುದನ್ನೂ ಹೇಳಬೇಕು. ಅದೇ ಸಂಸ್ಥಾನದ ಪ್ರೋವೋ ನಗರವು ಜಂಟಿ ಸಂಸ್ಥೆಯನ್ನು ಸೇರದೆ, ಸುಮಾರು 4 ಕೋಟಿ ಡಾಲರು ಸಾಲ ಮಾಡಿ ತನ್ನದೇ ಜಾಲವನ್ನು ಕಟ್ಟಿತು. ಕಡೆಗೆ 2013ರಲ್ಲಿ ಅದನ್ನು ಗೂಗಲ್ ಕಂಪೆನಿಗೆ ಒಂದು ಡಾಲರಿಗೆ ಕೊಟ್ಟಿತು. ಜಾಲವು ಹೋಯಿತು, ಸಾಲವು ಉಳಿಯಿತು. ಅದರ ಬಾಬ್ತು ಮನೆಯೊಂದಕ್ಕೆ ತಿಂಗಳಿಗೆ 5 ಡಾಲರು 35 ಸೆಂಟು ವಸೂಲಿಯಾಗುತ್ತಿದ್ದಿತು.

ಯುಟೋಪಿಯಾದ ನಗರಗಳು ಬಿಡಿಸಿಕೊಂಡದ್ದು ಸಾಲದ ಬಗೆಯನ್ನು ಬದಲಾಯಿಸಿದುದರಿಂದ. 2010ರ ಹೊತ್ತಿಗೆ ಅವುಗಳಲ್ಲಿ ಎಂಟು ನಗರಗಳು ಎರಡನೆಯ ಜಂಟಿ ಸಂಸ್ಥೆಯೊಂದನ್ನು ಕಟ್ಟಿದವು. ಹೊಸ ಕೆಲಸಕ್ಕೆ ಎತ್ತುವ ಸಾಲವನ್ನು ಮೊದಲು ಚಂದಾದಾರರ ಹಣದಿಂದಲೇ ತೀರಿಸತಕ್ಕದ್ದು, ಅದು ಸಾಲದೆಹೋದರೆ ಮಾತ್ರ ನಗರಗಳು ಕೊರತೆಯನ್ನು ತುಂಬತಕ್ಕದ್ದು ಎಂದು ನಿಯಮ ಮಾಡಿಕೊಂಡವು. ಬ್ರಿಗಮ್ ಸಿಟಿಯಲ್ಲಿ ತಂತಿ ಬೇಕೆಂದ ಮನೆಯವರು ತಲಾ ಸುಮಾರು 3,000 ಡಾಲರುಗಳನ್ನು ತಮ್ಮ ಸ್ವತ್ತಿನ ಮೇಲೆಯೇ ಹೊರಿಸಿಕೊಳ್ಳಲು ಒಪ್ಪಿ ರುಜು ಮಾಡಿದರು, ಬೇಡವೆಂದವರಿಗೆ ಭಾರವಿಲ್ಲ. ಬೇಕೆನ್ನುವವರು ಎಷ್ಟೆಂಬುದು ಗೊತ್ತಾದ ಮೇಲೆ ಅಗೆಯುವುದು, ಅಗೆಯತೊಡಗಿದ ಊರನ್ನು ಪೂರೈಸಿಯೇ ಬಿಡುವುದು ಎಂಬ ಕ್ರಮವು ಹೀಗೆ ಬಂದಿತು. ಲೇಟನ್ ನಗರವು 2017ರ ನಂತರ ಈ ರೀತ್ಯಾ ಪೂರ್ತಿಯಾಯಿತು. 2022ರ ಕೊನೆಯ ಹೊತ್ತಿಗೆ ಹನ್ನೊಂದು ನಗರಗಳಲ್ಲಿಯೂ ಕೆಲಸವು ಮುಗಿಯಿತು, ಆರಂಭದಿಂದ ಇಪ್ಪತ್ತು ವರ್ಷಗಳ ಮೇಲೆ. ಹಳೆಯ ಸಾಲದ ಕಂತಾದರೋ 2040ರವರೆಗೆ ಇದ್ದೇ ಇದೆ.

ವರ್ಮಾಂಟ್ ಸಂಸ್ಥಾನದ ವೃತ್ತಾಂತವು ಹಳ್ಳಿಯವರಿಗೆ ಇನ್ನೂ ಸಮೀಪವಾದುದು. ಅದು ಗುಡ್ಡಗಾಡು, ಹೈನುಗಾರಿಕೆ, ಮೇಪಲ್ ಮರದ ರಸದಿಂದ ಪಾಕ ಕಾಯಿಸುವುದು ಇವು ಅಲ್ಲಿಯ ಹಳೆಯ ಕಸಬುಗಳು. ಪ್ರತಿವರ್ಷ ಮಾರ್ಚಿ ತಿಂಗಳ ಮೊದಲನೆಯ ಮಂಗಳವಾರ ಊರೂರಿನ ಜನರು ಸಭೆ ಸೇರಿ ಊರಿನ ಆಯವ್ಯಯವನ್ನು ಕೈಯೆತ್ತಿ ತೀರ್ಮಾನಿಸುವ ಪದ್ಧತಿಯು ಅಲ್ಲಿ ಇಂದಿಗೂ ಉಂಟು. 2008ರ ಅಂಥ ಸಭೆಗಳಲ್ಲಿ ಇಪ್ಪತ್ತಕ್ಕೂ ಮೇಲ್ಪಟ್ಟ ಊರುಗಳು ಕೂಡಿ ಜಾಲ ಕಟ್ಟಲು ಒಪ್ಪಿದವು. ಈಸಿಫೈಬರ್ ಎಂಬುದು ಅದರ ಹೆಸರು. ಊರಿಗೆ ಒಬ್ಬ ಪ್ರತಿನಿಧಿ, ಒಬ್ಬನಿಗೆ ಒಂದು ಮತ. ಊರು ದೊಡ್ಡದೆಂದು ಹೆಚ್ಚು ಮತವಿಲ್ಲ. ತೆರಿಗೆಯ ಹಣವನ್ನು ಒಂದು ಕಾಸಾದರೂ ಇದಕ್ಕೆ ತೊಡಗಿಸಕೂಡದೆಂಬುದು ಮೊದಲಿನಿಂದಲೂ ಕಟ್ಟಳೆ.

ಅದೇ ವರ್ಷದ ಕೊನೆಯಲ್ಲಿ ಅಮೆರಿಕಾದ ಬ್ಯಾಂಕುಗಳು ಮುಗ್ಗರಿಸಿ, ದೊರೆಯುವುದೆಂದಿದ್ದ ಬಂಡವಾಳವು ದೊರೆಯದೆ ಹೋಯಿತು. ಕೇಂದ್ರ ಸರ್ಕಾರದ ಸಹಾಯಕ್ಕೆ ಹಾಕಿದ ಅರ್ಜಿಯೂ ಫಲಿಸಲಿಲ್ಲ. ಆಗ ಊರವರು ಊರವರನ್ನೇ ಕೇಳಿದರು. 2,500 ಡಾಲರುಗಳ ಘಟಕದಂತೆ ವಾಗ್ದಾನ ಪತ್ರಗಳನ್ನು ಬರೆದುಕೊಟ್ಟು ನೆರೆಯವರಿಂದಲೇ ಸಾಲವೆತ್ತಿ, 2011ರಲ್ಲಿ ಬಾರ್ನಾರ್ಡ್ ಎಂಬ ಸಣ್ಣ ಊರಿನಲ್ಲಿ ಮೊದಲನೆಯ ಮನೆಗಳಿಗೆ ತಂತಿಯನ್ನು ತಲಪಿಸಿದರು. ಮುಂದಿನ ಕೆಲವು ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ಜನರಿಂದ ಸುಮಾರು 70 ಲಕ್ಷ ಡಾಲರುಗಳು ಕೂಡಿದವು. ದೂರದ ಒಂದು ಓಣಿಯವರು ತಾವೇ ಮುಂಗಡ ಹಣವನ್ನು ಕೂಡಿಹಾಕಿ ತಂತಿಯನ್ನು ತಮ್ಮತ್ತ ಎಳೆಸಿಕೊಂಡ ನಿದರ್ಶನಗಳೂ ಉಂಟು. 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಕಟ್ಟಿದವರಿಗೆ ಈ ವಿಧಾನವು ಹೊಸದಾಗಿ ತೋರುತ್ತಿರಲಿಲ್ಲ.

ಈ ದಾರಿ ನಿಧಾನದ್ದು. ಮೊದಲ ನಾಲ್ಕು ವರ್ಷಗಳಲ್ಲಿ ಸೇರಿದ ಮನೆಗಳು ಸಾವಿರದಷ್ಟು ಮಾತ್ರ. ತಮ್ಮ ಸರದಿ ಬಾರದೆಂದು ಬೇಸತ್ತವರೂ ಇದ್ದಿರಲೇಬೇಕು. ಆದರೆ ಆ ಸಾವಿರ ಮನೆಗಳ ಲೆಕ್ಕದ ಪುಸ್ತಕವೇ ಮುಂದೆ ಆಧಾರವಾಯಿತು. ಕುಡಿಯುವ ನೀರಿಗಾಗಿ ಹಲವು ಊರುಗಳು ಕೂಡುವ ಹಳೆಯ ಪದ್ಧತಿಯ ಮಾದರಿಯ ಮೇಲೆ, 2015ರಲ್ಲಿ ಅಲ್ಲಿಯ ಶಾಸನಸಭೆಯು ಇಂಥ ಕೂಟಗಳಿಗೆ ಕಾಯಿದೆಯ ಮಾನ್ಯತೆಯನ್ನು ಕೊಟ್ಟಿತು. ಕೂಟಕ್ಕೆ ಸಾಲವೆತ್ತುವ ಅಧಿಕಾರವುಂಟು, ತೆರಿಗೆ ಹಾಕುವ ಅಧಿಕಾರವಿಲ್ಲ. ಕೂಟವು ಮುಳುಗಿದರೆ ಸಾಲಗಾರನು ಊರಿನ ಮೇಲೆ ಬರುವಂತಿಲ್ಲ. 2016ರಲ್ಲಿ ಕೇವಲ ಚಂದಾ ವರಮಾನದ ಆಧಾರದ ಮೇಲೆ 90 ಲಕ್ಷ ಡಾಲರುಗಳು ಪೇಟೆಯಿಂದಲೇ ದೊರೆತವು. ಮುಂದೆ ಸದಸ್ಯ ಊರುಗಳು 31 ಆದವು; ತಂತಿಯ ಮಾರ್ಗವು 1,500 ಮೈಲಿಗಳನ್ನು ಮೀರಿತು. ಇದನ್ನು ನೋಡಿ ಆ ಸಂಸ್ಥಾನದ ಇತರ ಭಾಗಗಳ ಊರುಗಳೂ ಇಂಥ ಕೂಟಗಳನ್ನು ಮಾಡಿಕೊಂಡವು.

ಭೂಮಾಲೀಕರು ಗಮನಿಸತಕ್ಕ ಅಂಶವೊಂದುಂಟು. ವರ್ಮಾಂಟಿನಲ್ಲಿ ತಂತಿಯು ಬಹುಪಾಲು ವಿದ್ಯುತ್ ಮತ್ತು ಟೆಲಿಫೋನ್ ಕಂಬಗಳ ಮೇಲೆಯೇ ಹೋಗಿರುವುದು. ಕಂಬವು ಇನ್ನೊಬ್ಬರದಾದ್ದರಿಂದ, ಅದರ ಮೇಲಿನ ಹಳೆಯ ತಂತಿಗಳನ್ನು ಸರಿಸಿ ಜಾಗ ಮಾಡುವ ಕೆಲಸಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆ ಖರ್ಚನ್ನು ಹೊಸದಾಗಿ ಬಂದವನೇ ಕೊಡಬೇಕಾಗುತ್ತದೆ. ರಸ್ತೆಯಿಂದ ಒಳಗಿರುವ ತೋಟದ ಮನೆಗೆ ತಂತಿಯನ್ನೊಯ್ಯುವಾಗ ನಡುವಣ ಹೊಲದವನ ಒಪ್ಪಿಗೆಯೂ ಬೇಕು. ಅಂದಾಜು ಪಟ್ಟಿಯಲ್ಲಿ ಈ ಎರಡು ಬಾಬುಗಳನ್ನು ಮೊದಲೇ ಸೇರಿಸದಿದ್ದರೆ ಪಟ್ಟಿಯು ಕಾಗದದಲ್ಲಿಯೇ ಉಳಿಯುತ್ತದೆ.

ಭಾರತದಲ್ಲಿ ದೊಡ್ಡ ಜಾಲದ ಭಾರವನ್ನು ಕೇಂದ್ರ ಸರ್ಕಾರದವರು ಹೊತ್ತಿರುತ್ತಾರೆ. 2011ರ ಅಕ್ಟೋಬರಿನಲ್ಲಿ ಮಂಜೂರಾಗಿ, 2015ರಲ್ಲಿ ಭಾರತ್‌ನೆಟ್ ಎಂಬ ಹೆಸರನ್ನು ಪಡೆದ ಯೋಜನೆಯು ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಗಾಜಿನ ತಂತಿಯನ್ನು ತಲಪಿಸಲು ಉದ್ದೇಶಿಸಿದ್ದು, ಕರ್ನಾಟಕದ ಪಂಚಾಯತಿಗಳೂ ಅದಕ್ಕೆ ಸೇರಿರುತ್ತವೆ. 2023ರ ಆಗಸ್ಟಿನಲ್ಲಿ ತಿದ್ದುಪಡಿಯಾದ ಯೋಜನೆಗೆ 1,39,579 ಕೋಟಿ ರೂಪಾಯಿ ಗೊತ್ತುಮಾಡಲಾಯಿತು. ಹೆದ್ದಾರಿತಂತಿಯ ಚಿಂತೆಯು ಇದರಿಂದ ಹಳ್ಳಿಯವರಿಗೆ ತಪ್ಪಿತೆನ್ನಬಹುದು. ಪಂಚಾಯತಿ ಕಚೇರಿಯ ಬಾಗಿಲಿನಿಂದ ಮಜರೆಯ ಕಟ್ಟಕಡೆಯ ಮನೆಯವರೆಗಿನ ದೂರವಾದರೋ ಊರೂರಿಗೂ ಬೇರೆ ಬೇರೆ. ಅದು ಎಷ್ಟು ಕಿಲೋಮೀಟರು, ಆ ಹಾದಿಯಲ್ಲಿ ಕಂಬಗಳೆಷ್ಟು, ಮನೆಗಳೆಷ್ಟು, ಆ ಮನೆಗಳಲ್ಲಿ ತಿಂಗಳು ತಿಂಗಳೂ ಹಣ ಕೊಡಲು ಒಪ್ಪಿ ರುಜು ಹಾಕುವವರೆಷ್ಟು ಎಂಬ ಪಟ್ಟಿಯನ್ನು ನೆರೆಯ ನಾಲ್ಕಾರು ಪಂಚಾಯತಿಗಳವರು ಕೂಡಿ ತಯಾರಿಸುವುದಕ್ಕೆ ಒಂದು ಸುಗ್ಗಿಯ ಬಿಡುವು ಸಾಕಾಗುತ್ತದೆ.